ಬಾತ್‌ರೂಮಿಗೆ ಚಿಲಕ ಇಲ್ಲ, ವೇದಿಕೆ ಮೇಲೆ ಬರೀ ‘ನಾಯಕತ್ವ ಗುಣ’

ನಿನ್ನೆ ಸಂಜೆ ಒಂದು ಸಂವಾದಕ್ಕೆ ಹೋಗಿದ್ದೆ. ವಿಷಯ, ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ಬೇಕೇ ಬೇಡವೇ. ಎಲ್ಲಿ, ಯಾರು ಮಾಡಿದ್ದು ಅಂತೆಲ್ಲ ಹೇಳಲ್ಲ, ಕರೆದೋರು ಬೇಕಾದವ್ರೇ, ಬೋಂಡಾನೂ ಚೆನ್ನಾಗಿತ್ತು. ಆದ್ರೆ ಸಿಟ್ಟು ಇನ್ನೂ ಇಳಿದಿಲ್ಲ, ನನ್ನ ಸಿಟ್ಟು ನಿಮಗೆಲ್ಲ ಗೊತ್ತಿರೋದೇ, ಬರೆದು ಮುಗಿಸೋವರೆಗೂ ನಿದ್ದೆ ಬರಲ್ಲ.

ವೇದಿಕೆ ಮೇಲಿದ್ದೋರೆಲ್ಲ ಅರವತ್ತು ದಾಟಿದೋರು. ಹಾಲ್‌ನ ಹಿಂದೆ ಗೋಡೆಗೆ ಒರಗಿಕೊಂಡು ನಿಂತಿದ್ದೋರು ಎನ್‌ಎಸ್‌ಎಸ್ ಟೀ ಶರ್ಟ್ ಹಾಕ್ಕೊಂಡ ಹುಡುಗ್ರು, ಹುಡುಗೀರು. ಅವರ ಕೆಲಸ ಕುರ್ಚಿ ಜೋಡಿಸೋದು, ಪ್ರಾರ್ಥನೆ ಹಾಡೋದು, ಗಣ್ಯರಿಗೆ ಪುಸ್ತಕ ಕೊಟ್ಟು ಫೋಟೋಕ್ಕೆ ನಿಲ್ಲೋದು. ನಾಳೆ ಚುನಾವಣೆ ಅಂತ ಒಂದು ಬಂದ್ರೆ ವೋಟು ಹಾಕಬೇಕಾದೋರು ಅವ್ರು, ಆದ್ರೆ ಅವರ ಕೈಗೆ ಮೈಕ್ ಸಿಕ್ಕಿದ್ದು ‘ಸ್ವಾಮಿ ದೇವನೆ’ ಅನ್ನೋ ಹೊತ್ತಿಗೆ ಮಾತ್ರ.

ಒಬ್ಬರು ನಾಯಕತ್ವ ಗುಣ ಬೆಳೆಯುತ್ತೆ ಅಂದ್ರು. ಇನ್ನೊಬ್ಬರು ಗೂಂಡಾಗಿರಿ ಬೆಳೆಯುತ್ತೆ ಅಂದ್ರು. ಮೂರನೆಯವರು ತಾವು ಯೂನಿಯನ್ ಸೆಕ್ರೆಟರಿ ಆಗಿದ್ದಾಗಿನ ವಿಜಯೋತ್ಸವದ ಮೆರವಣಿಗೆ ಹೇಗಿತ್ತು ಅಂತ ಶುರು ಮಾಡಿ ಚೀಟಿ ಬರೋವರೆಗೂ ನಿಲ್ಲಿಸಲಿಲ್ಲ. ಇಷ್ಟೆಲ್ಲ ಆದ್ರೂ, ಅಭ್ಯರ್ಥಿ ಅನ್ನೋನು ಏನು ಹೇಳ್ಕೊಂಡು ವೋಟು ಕೇಳಬೇಕು, ಗೆದ್ರೆ ಏನು ಮಾಡ್ಬೇಕು ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ ಕಣ್ರೀ. ಪರವಾಗಿದ್ದವರ ಬಾಯಲ್ಲೂ ಇಲ್ಲ, ವಿರೋಧವಾಗಿದ್ದವರ ಬಾಯಲ್ಲೂ ಇಲ್ಲ.

ನಮ್ಮ ಅಣ್ಣನ ಮಗಳು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಓದ್ತಾ ಇದಾಳೆ, ಇರೋದು ಬಿಸಿಎಂ ಹಾಸ್ಟೆಲ್ಲು. ರಾತ್ರಿ ಫೋನ್ ಮಾಡಿ ಸಂವಾದದ ಕಥೆ ಹೇಳಿದೆ. "ಅತ್ತೆ, ಬಾತ್‌ರೂಮಿಗೆ ಚಿಲಕ ಹಾಕಿಸ್ತೀನಿ ಅಂದ್ರೆ ಯಾರಿಗಾದ್ರೂ ವೋಟು ಹಾಕ್ತೀನಿ, ಯಾವ ಪಾರ್ಟಿ ಆದ್ರೂ ಸರಿ" ಅಂದ್ಳು. ನಗ್ತಾನೇ ಹೇಳಿದ್ಳು. ಆಮೇಲೆ ಒಂದೊಂದೇ ಬಿಚ್ಚಿದ್ಳು ನೋಡಿ. ಹಿಂದಿನ ಸೆಮಿಸ್ಟರ್ ರಿಸಲ್ಟ್ ಬರೋಕೆ ಮುಂಚೆ ಮುಂದಿನ ಸೆಮಿಸ್ಟರ್ ಪರೀಕ್ಷೆ ಫೀಸ್ ಕಟ್ಟಿ ಅಂತ ನೋಟಿಸ್ ಬರುತ್ತಂತೆ. ರಿಸಲ್ಟ್ ಬಂದ್ರೂ ಯೂನಿವರ್ಸಿಟಿಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಇಂಟರ್ನಲ್ಸ್ ಮಾರ್ಕ್ಸ್ ಕಾಣಲ್ವಂತೆ, ಕಾಲೇಜಲ್ಲಿ ಕೇಳಿದ್ರೆ ಯೂನಿವರ್ಸಿಟಿಗೆ ಹೋಗಿ ಅಂತಾರೆ, ಯೂನಿವರ್ಸಿಟಿಗೆ ಹೋದ್ರೆ ಕಾಲೇಜಿಂದ ಲೆಟರ್ ತಗೊಂಬಾ ಅಂತಾರೆ. ಸ್ಕಾಲರ್‌ಶಿಪ್ ಅರ್ಜಿ ಎಸ್‌ಎಸ್‌ಪಿ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಎಲ್ಲಿ ನಿಂತಿದೆ ಅಂತ ಯಾರಿಗೂ ಗೊತ್ತಿಲ್ಲ. ಅತಿಥಿ ಉಪನ್ಯಾಸಕರ ಆಯ್ಕೆ ತಡ ಆಯ್ತು ಅಂತ ಒಂದು ಪೇಪರಿಗೆ ಪಾಠ ಮಾಡೋರೇ ಇರಲಿಲ್ಲ, ಇವರೇ ಯೂಟ್ಯೂಬ್ ನೋಡ್ಕೊಂಡು ಬರೆದಿದ್ದಾರೆ. ಬೆಳಗ್ಗೆ ಹಳ್ಳಿಯಿಂದ ಬರೋರಿಗೆ ಇರೋದೇ ಒಂದು ಬಸ್ಸು, ಶಕ್ತಿ ಯೋಜನೆ ಬಂದ್ಮೇಲೆ ಹುಡುಗೀರಿಗೆ ಟಿಕೆಟ್ ಇಲ್ಲ, ಸಂತೋಷ, ಆದ್ರೆ ಬಸ್ ನಿಲ್ಲಿಸಿದ್ರೆ ತಾನೇ ಹತ್ತೋದು?

ಇದೆಲ್ಲ ಪ್ರಚಾರದ ವಿಷಯ ಅಲ್ವಾ? ಇದನ್ನ ಬಿಟ್ಟು ವಿದ್ಯಾರ್ಥಿ ಚುನಾವಣೆಗೆ ಇನ್ನೇನು ಪ್ರಣಾಳಿಕೆ ಬೇಕು, ವಿದೇಶಾಂಗ ನೀತಿನಾ?

ಈಗಿನ ಪೀಳಿಗೆಗೆ ಗೊತ್ತಿರಲ್ಲ, ಹೇಳ್ಬಿಡ್ತೀನಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದ್ದು 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿ. ಆ ವರ್ಷದ ಕೊನೇಲಿ ನಮ್ಮ ರಾಜ್ಯದಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಚುನಾವಣೆ ಆಯ್ತು, ಹದಿನೆಂಟರ ಹುಡುಗ್ರು ಮೊದಲನೇ ಸಲ ವೋಟು ಹಾಕಿದ್ರು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಆದ್ರು. ಆಮೇಲೆ ಅದೇ 1989-90ರಲ್ಲಿ ಕ್ಯಾಂಪಸ್‌ನಲ್ಲಿ ಹೊಡೆದಾಟ ಜಾಸ್ತಿ ಆಯ್ತು ಅಂತ ಕಾಲೇಜು ಚುನಾವಣೆ ನಿಂತುಹೋಯ್ತು. ಅಂದ್ರೆ, ಪ್ರಧಾನಮಂತ್ರಿ ಯಾರಾಗ್ಬೇಕು ಅಂತ ಹೇಳೋಷ್ಟು ನೀನು ದೊಡ್ಡವನಾದೆ ಮಗಾ, ಆದ್ರೆ ಹಾಸ್ಟೆಲ್ ಮೆಸ್ ಸೆಕ್ರೆಟರಿ ಯಾರು ಅನ್ನೋದನ್ನ ದೊಡ್ಡವರಿಗೆ ಬಿಡು! ಮೂವತ್ತೈದು ವರ್ಷ ದಾಟಿದ್ರೂ ಈ ತಮಾಷೆ ಯಾರಿಗೂ ತಮಾಷೆ ಅನ್ನಿಸಿಲ್ಲ. 2025ರ ಕೊನೇಲಿ ಡಿ.ಕೆ. ಶಿವಕುಮಾರ್ ಮತ್ತೆ ಚುನಾವಣೆ ತರೋ ಮಾತಾಡಿದ ಮೇಲೆ ಈಗ ಎಲ್ಲರಿಗೂ ನೆನಪಾಗಿದೆ. ಆವಾಗಿಂದ ಟೀವಿಯಲ್ಲೂ ಅದೇ, ಬಿಜೆಪಿ ಕಡೆಯ ಎಬಿವಿಪಿಗೆ ಲಾಭನಾ ಕಾಂಗ್ರೆಸ್ಸಿನ ಎನ್‌ಎಸ್‌ಯುಐಗೆ ಲಾಭನಾ, ಮುಂದಿನ ಎಂಎಲ್‌ಎಗಳು ಎಲ್ಲಿಂದ ಬರ್ತಾರೆ. ಚಿಲಕದ ಮಾತು ಅಲ್ಲೂ ಇಲ್ಲ.

ಸರಿ, ವಿಷಯಾನೇ ಇಲ್ದೆ ಚುನಾವಣೆ ಮಾಡಿದ್ರೆ ಏನಾಗುತ್ತೆ ಅಂತ ನೋಡೋಕೆ ದಿಲ್ಲಿ ಯೂನಿವರ್ಸಿಟಿ ನೋಡಿ ಸಾಕು. ವಿದ್ಯಾರ್ಥಿ ಚುನಾವಣೆ ಹೇಗೆ ನಡೀಬೇಕು ಅಂತ ಲಿಂಗ್ಡೋ ಸಮಿತಿ 2006ರಲ್ಲೇ ವರದಿ ಕೊಟ್ಟಿದೆ, ಸುಪ್ರೀಂ ಕೋರ್ಟ್ ಅದನ್ನ ಜಾರಿ ಮಾಡಿ ಅಂತಾನೂ ಹೇಳಿದೆ. ಒಬ್ಬ ಅಭ್ಯರ್ಥಿ 5,000 ರೂಪಾಯಿ ಮೇಲೆ ಖರ್ಚು ಮಾಡಂಗಿಲ್ಲ, ಪ್ರಿಂಟ್ ಮಾಡಿಸಿದ ಪೋಸ್ಟರ್ ಹಾಕಂಗಿಲ್ಲ, ಕೈಯಲ್ಲೇ ಬರೆದಿರಬೇಕು, ಹಾಜರಾತಿ ಶೇ 75 ಇರಬೇಕು. ಓದೋಕೆ ಎಷ್ಟು ಚೆನ್ನಾಗಿದೆ. ಅಲ್ಲಿ ನಡೆಯೋದು ಏನು? ರಸ್ತೆ ತುಂಬಾ ಚೀಟಿ ಎಸೆದುಕೊಂಡು ಹೋಗೋ ಎಸ್‌ಯುವಿಗಳು. ಬ್ಯಾಲೆಟ್‌ನಲ್ಲಿ ಹೆಸರು ಮೇಲೆ ಬರಲಿ ಅಂತ ಹೆಸರಿನ ಶುರುವಿಗೇ ಒಂದೆರಡು ‘ಎ’ ಅಂಟಿಸ್ಕೊಳ್ಳೋ ಜಾಣರು. 2024ರ ಸೆಪ್ಟೆಂಬರಲ್ಲಿ ವೋಟಿಂಗ್ ಆಯ್ತು, ಆದ್ರೆ ಗೋಡೆಗಳ ಮೇಲಿನ ಪೋಸ್ಟರು, ಬರಹ ಎಲ್ಲ ಕ್ಲೀನ್ ಮಾಡೋವರೆಗೂ ಎಣಿಕೆ ಮಾಡಬೇಡಿ ಅಂತ ದಿಲ್ಲಿ ಹೈಕೋರ್ಟು ತಡೆದು, ಎಣಿಕೆ ಆಗಿದ್ದು ನವೆಂಬರ್ 25ಕ್ಕೆ. ಎರಡು ತಿಂಗಳು ಬ್ಯಾಲೆಟ್ ಪೆಟ್ಟಿಗೆಗೆ ಬೀಗ, ಹುಡುಗ್ರ ಕೈಗೆ ಸುಣ್ಣದ ಬ್ರಷ್ಷು. ಅದರಿಂದ ಬುದ್ಧಿ ಬಂತಾ ಅಂದ್ರೆ 2025ರಲ್ಲಿ ಜೆಸಿಬಿ, ದುಬಾರಿ ಕಾರು ಎಲ್ಲಿಂದ ಬಂತು ಅಂತ ಕೋರ್ಟೇ ಕೇಳಬೇಕಾಯ್ತು, ಗೆದ್ದೋರು ಮೆರವಣಿಗೆ ಮಾಡಂಗಿಲ್ಲ ಅಂತ ಆದೇಶ ಬೇರೆ.

ಆದ್ರೆ ತಮಾಷೆ ಏನು ಗೊತ್ತಾ, 2024ರಲ್ಲಿ ಅಲ್ಲಿ ಅಧ್ಯಕ್ಷ ಆಗಿ ಗೆದ್ದ ರೌನಕ್ ಖತ್ರಿ ಅನ್ನೋ ಹುಡುಗನಿಗೆ ಹೆಸರು ಬಂದಿದ್ದು ಕಾರಿಂದಲ್ಲ. ಕುಡಿಯೋ ನೀರಿಲ್ಲ ಅಂತ ಮಣ್ಣಿನ ಮಡಕೆ ಹಿಡ್ಕೊಂಡು ಪ್ರತಿಭಟನೆ ಮಾಡಿದ್ದ, ಮಟ್ಕಾ ಮ್ಯಾನ್ ಅಂತಾನೇ ಕರೆದ್ರು, ಹಿಂದೀಲಿ ಮಟ್ಕಾ ಅಂದ್ರೆ ಮಡಕೆ. ಅವನ ಪಾರ್ಟಿ ಬಗ್ಗೆ, ಆಮೇಲೆ ಅವನು ಮಾಡಿದ್ದರ ಬಗ್ಗೆ ನನ್ನ ಹತ್ರ ಕೇಳಬೇಡಿ, ನಾನು ವಕಾಲತ್ತು ವಹಿಸ್ತಿಲ್ಲ. ನಾನು ಹೇಳ್ತಿರೋದು ಮಡಕೆ ಬಗ್ಗೆ. ಅಷ್ಟು ದೊಡ್ಡ ಯೂನಿವರ್ಸಿಟೀಲಿ, ಅಷ್ಟು ದುಡ್ಡು ಹರಿಯೋ ಜಾಗದಲ್ಲೂ ಜನರ ಕಣ್ಣಿಗೆ ಬಿದ್ದಿದ್ದು ಒಂದು ಮಡಕೆ!

ಜೆಎನ್‌ಯು, ಅದೇ ದಿಲ್ಲಿಯ ಜವಾಹರಲಾಲ್ ನೆಹರು ಯೂನಿವರ್ಸಿಟಿ, ಅಂದ ತಕ್ಷಣ ನಮ್ಮ ಕೆಲವು ಸ್ನೇಹಿತರಿಗೆ ಮೈ ಉರಿಯುತ್ತೆ, ಉರೀಲಿ. ಅಲ್ಲಿ ಚುನಾವಣೆ ನಡೆಸೋ ಸಮಿತೀಲಿ ಇರೋರು ವಿದ್ಯಾರ್ಥಿಗಳೇ. ವೋಟಿಂಗಿಗೆ ಒಂದೆರಡು ದಿನ ಮುಂಚೆ ರಾತ್ರಿ ಅಧ್ಯಕ್ಷ ಸ್ಥಾನಕ್ಕೆ ನಿಂತೋರೆಲ್ಲ ಒಂದೇ ವೇದಿಕೆ ಮೇಲೆ ನಿಂತು ಭಾಷಣ ಮಾಡಿ, ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ, ಕೆಳಗೆ ಕೂತಿರೋ ಹುಡುಗ್ರ ಪ್ರಶ್ನೆಗೂ ಉತ್ತರ ಕೊಡಬೇಕು. ಪ್ಯಾಲೆಸ್ತೀನ್ ಬಗ್ಗೆನೂ ಮಾತಾಡ್ತಾರೆ, ಹೌದು, ಅದನ್ನೇ ಆಡ್ಕೊಂಡು ನಗೋರಿದ್ದಾರೆ, ಆದ್ರೆ ಹಾಸ್ಟೆಲ್ ಫೀಸ್ ಬಗ್ಗೆನೂ ಮಾತಾಡ್ತಾರಲ್ಲಪ್ಪ. ಲಿಂಗ್ಡೋ ನಿಯಮ ಪಾಲಿಸಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು ಅಲ್ಲಿನ ಚುನಾವಣೆನೂ ನಿಂತಿತ್ತು, ಮತ್ತೆ ಶುರು ಆಗಿದ್ದು 2012ರಲ್ಲಿ. ಆ ನಾಲ್ಕು ವರ್ಷ ಹುಡುಗ್ರು ಸುಮ್ಮನೆ ಕೂರಲಿಲ್ಲ, ಚುನಾವಣೆ ವಾಪಸ್ ಕೊಡಿ ಅಂತ ಹಟ ಹಿಡಿದ್ರು. ನಾವು? ನಮಗೆ ಹೋಗಿದ್ದೇ ಗೊತ್ತಾಗಲಿಲ್ಲ.

ಈಗ ಕಾಮೆಂಟಲ್ಲಿ ಬರ್ತೀರ, ಗೊತ್ತು. "ಮೇಡಂ, ನಿಮಗೆ ಎಂಬತ್ತರ ದಶಕ ಗೊತ್ತಿಲ್ಲ, ಸೈಕಲ್ ಚೈನ್ ಹಿಡ್ಕೊಂಡು ಓಡಾಡ್ತಿದ್ರು, ಜಾತಿ ಜಾತಿ ಗುಂಪು ಕಟ್ತಿದ್ರು." ನಿನ್ನೆ ವೇದಿಕೆ ಮೇಲೂ ಇದನ್ನೇ ಅಂದ್ರು. ಹೌದು ಸ್ವಾಮಿ, ಹೊಡೆದಾಟ ಆಗಿದೆ, ಇಲ್ಲ ಅನ್ನಲ್ಲ, ಮಗನನ್ನ ಓದೋಕೆ ಕಳಿಸಿ ಆಸ್ಪತ್ರೇಲಿ ನೋಡಿದ ಅಪ್ಪ ಅಮ್ಮನ ಸಂಕಟ ಸಣ್ಣದಲ್ಲ. ಆದ್ರೆ ಗ್ರಾಮ ಪಂಚಾಯ್ತಿ ಚುನಾವಣೇಲಿ ಹೊಡೆದಾಟ ಆಗಲ್ವಾ? ಪಾರ್ಟಿ ಚಿಹ್ನೆ ಇಲ್ಲ ಅಂತಾರೆ, ಯಾರು ಯಾವ ಪಾರ್ಟಿ ಅಂತ ಊರಿನ ನಾಯಿಗೂ ಗೊತ್ತಿರುತ್ತೆ, ಅಣ್ಣ ತಮ್ಮಂದಿರು ಮಾತು ಬಿಡ್ತಾರೆ. ಅದಕ್ಕೆ ಪಂಚಾಯ್ತಿ ಚುನಾವಣೆ ಬೇಡ, ಪಿಡಿಒ ಸಾಹೇಬ್ರೇ ಮಾರ್ಕ್ಸ್ ನೋಡಿ ಮೆಂಬರ್ ಆರಿಸ್ಲಿ ಅಂತೀವಾ? ಜಾತಿ, ಪಾರ್ಟಿ ಕಾಲೇಜಿಗೆ ಬರುತ್ತೆ ಅಂತೀರ. ಬಂದು ಎಷ್ಟು ವರ್ಷ ಆಯ್ತು ಮಾರಾಯ್ರೆ! ಹಾಸ್ಟೆಲಲ್ಲಿ ಯಾರ ಜೊತೆ ರೂಮು ಅಂತ ಜಾತಿ ನೋಡ್ಕೊಂಡು ಸೇರೋದು ನಿಮಗೆ ಗೊತ್ತಿಲ್ವಾ, ಯೂನಿವರ್ಸಿಟಿ ಆಡಳಿತ ನಡೆಸೋ ಸಿಂಡಿಕೇಟಿಗೆ ಸರ್ಕಾರದ ನಾಮನಿರ್ದೇಶನ ಯಾವ ಪಕ್ಷ ನೋಡಿ ಆಗುತ್ತೆ ಅಂತ ಗೊತ್ತಿಲ್ವಾ? ಯೂನಿವರ್ಸಿಟೀಲಿ ರಾಜಕೀಯ ಇಲ್ದೆ ಇರೋದು ವಿದ್ಯಾರ್ಥಿಗಳ ಹತ್ರ ಮಾತ್ರ, ಉಳಿದೋರ ಹತ್ರ ಎಲ್ಲ ಇದೆ.

ಒಂದೇ ಉದಾಹರಣೆ ಕೊಡ್ತೀನಿ. 2025ರ ಫೆಬ್ರವರೀಲಿ ಹೊಸ ಯೂನಿವರ್ಸಿಟಿಗಳನ್ನ ಮುಚ್ಚೋ ಮಾತು ಬಂತಲ್ಲ, ಹಾಸನ, ಕೊಡಗು, ಹಾವೇರಿ, ಕೊಪ್ಪಳ ಹೀಗೆ ಒಂಬತ್ತು. ಆ ಸಂಪುಟ ಉಪಸಮಿತಿ ಅಧ್ಯಕ್ಷರು ಯಾರು? ಇದೇ ಶಿವಕುಮಾರ್ ಅವ್ರು. ದುಡ್ಡಿಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅಂತ ಕಾರಣ, ಇರಬಹುದು. ಹಿಂದಿನ ಸರ್ಕಾರ ಬೋರ್ಡ್ ಹಾಕಿ ಹೊರಟೋಯ್ತು, ಅದೂ ನಿಜ. ವಿರೋಧ ಪಕ್ಷದೋರು ಕೂಗಿದ್ರು, ಸ್ಥಳೀಯ ಮುಖಂಡರು ಮನವಿ ಕೊಟ್ರು, ಪತ್ರಿಕೇಲಿ ಪ್ರಾಧ್ಯಾಪಕರು ಬರೆದ್ರು. ಅಲ್ಲಿ ಓದ್ತಾ ಇದ್ದ ಹುಡುಗಿ, ತನ್ನ ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ಯೂನಿವರ್ಸಿಟಿ ಹೆಸರು ಬರುತ್ತೆ ಅಂತ ಗೊತ್ತಿಲ್ದೆ ಕೂತವಳು, ಅವಳ ಪರವಾಗಿ ಹೋಗಿ "ನಮ್ಮನ್ನ ಕೇಳಿ" ಅನ್ನೋಕೆ ಅವಳೇ ಆರಿಸಿದ ಒಬ್ಬ ಪ್ರತಿನಿಧಿನೂ ಇರಲಿಲ್ಲ. ಇದನ್ನ ನಿನ್ನೆ ಪ್ರಶ್ನೋತ್ತರದ ಹೊತ್ತಲ್ಲಿ ಕೇಳೋಣ ಅಂತ ಕೈ ಎತ್ತಿದೆ, ಸಮಯದ ಅಭಾವ ಅಂದ್ರು. ಮೆರವಣಿಗೆ ಕಥೆಗೆ ಸಮಯ ಇತ್ತು.

ಒಂದು ಒಳಗಿನ ಮಾತು ಹೇಳ್ಬಿಡ್ಲಾ. ನಾನು ಡಿಗ್ರಿ ಸೇರೋ ಹೊತ್ತಿಗೆ ಚುನಾವಣೆ ನಿಂತುಹೋಗಿತ್ತು. ಮಾರ್ಕ್ಸ್ ಜಾಸ್ತಿ ಇದೆ ಅಂತ ನನ್ನನ್ನೇ ಸಿಆರ್, ಅಂದ್ರೆ ಕ್ಲಾಸ್ ಪ್ರತಿನಿಧಿ ಮಾಡಿದ್ರು. ನನ್ನ ಸಾಧನೆ ಅಂದ್ರೆ ಸ್ಟಾಫ್ ರೂಮಿಂದ ಅಟೆಂಡೆನ್ಸ್ ರಿಜಿಸ್ಟರ್ ತರೋದು, ಬೀಳ್ಕೊಡುಗೆಗೆ ದುಡ್ಡು ವಸೂಲಿ ಮಾಡೋದು. ಲೇಡೀಸ್ ರೂಮಲ್ಲಿ ನೀರು ಬರ್ತಿರಲಿಲ್ಲ. ಪ್ರಿನ್ಸಿಪಾಲ್ ಹತ್ರ ಕೇಳಬೇಕು ಅಂತ ನನಗೆ ಒಂದು ಸಲಾನೂ ಹೊಳೀಲೇ ಇಲ್ಲ, ಯಾಕಂದ್ರೆ ನನ್ನನ್ನ ಆರಿಸಿದ್ದು ಹುಡುಗೀರಲ್ಲ, ಪ್ರಿನ್ಸಿಪಾಲ್ರೇ. ದಿಲ್ಲಿ ಹುಡುಗ್ರ ಗಲಾಟೆ ಟೀವೀಲಿ ನೋಡಿದಾಗ ಬೈತೀನಿ, ಆದ್ರೆ ಹೊಟ್ಟೆ ಒಳಗೆ ಒಂಚೂರು ಕಿಚ್ಚು ಇರುತ್ತೆ. ಅವರಿಗೆ ತಪ್ಪು ಮಾಡೋಕಾದ್ರೂ ಒಂದು ಬ್ಯಾಲೆಟ್ ಸಿಕ್ತು.

ಚುನಾವಣೆ ತರೋದಾದ್ರೆ ತನ್ನಿ ಸರ್, ನಾನು ಪರವಾಗೇ ಇದ್ದೀನಿ. ಆದ್ರೆ ಕಾರಿಲ್ಲ, ಫ್ಲೆಕ್ಸ್ ಇಲ್ಲ, ಎಂಎಲ್‌ಎ ಫೋಟೋ ಇಲ್ಲ. ಜೆಎನ್‌ಯು ಥರ ಎಲ್ಲ ಅಭ್ಯರ್ಥಿಗಳನ್ನ ಒಂದೇ ಕಡೆ ನಿಲ್ಸಿ, ಹಾಸ್ಟೆಲ್ ವಾರ್ಡನ್ನು, ಪರೀಕ್ಷಾ ವಿಭಾಗದವ್ರು ಎದುರಿಗೆ ಕೂತಿರಲಿ, ಪ್ರಶ್ನೆ ಹುಡುಗೀರು ಕೇಳಲಿ. ಅರ್ಧಕ್ಕರ್ಧ ಭಾವಿ ನಾಯಕರು ಅಲ್ಲೇ ನಾಮಪತ್ರ ವಾಪಸ್ ತಗೋತಾರೆ, ನೋಡ್ತಿರಿ.

ನನ್ನ ಲಿಸ್ಟಲ್ಲಿ ಮೇಷ್ಟ್ರುಗಳು, ಮೇಡಂಗಳು ಬೇಕಾದಷ್ಟಿದ್ದೀರ. ನಾಳೆ ಕ್ಲಾಸಿಗೆ ಹೋದಾಗ ಹೆಸರು ಬರೀದೆ ಒಂದು ಚೀಟೀಲಿ ಬರೆಸಿ, ಚುನಾವಣೆ ಬಂದ್ರೆ ಯಾವ ಕೆಲಸಕ್ಕೆ ವೋಟು ಹಾಕ್ತೀರ ಅಂತ, ಕೆಳಗೆ ಕಾಮೆಂಟಲ್ಲಿ ಹಾಕಿ, ಹುಡುಗ್ರು ಬರೆದ ಹಾಗೇ ಹಾಕಿ, ತಿದ್ದಬೇಡಿ. ನೀವೇ ಬಂದು ‘ನಾಯಕತ್ವ ಗುಣ’ ಅಂತ ಬರೆದ್ರೆ ಬ್ಲಾಕ್ ಮಾಡ್ತೀನಿ, ಆಮೇಲೆ ಮದುವೆ ಮನೇಲಿ ಸಿಕ್ಕಾಗ ಬೇಜಾರು ಮಾಡ್ಕೋಬೇಡಿ.