ಸೂಪರ್ ಲೀಗ್ ಸೀಟು: ಮೈದಾನ ಕೊಡಬೇಕೋ, ಮಾರ್ಕ್ಸ್ ಕಾರ್ಡ್ ಕೊಡಬೇಕೋ?

ರಗ್ಬಿ ಲೀಗ್ ಅಂದರೆ ತಂಡಕ್ಕೆ 13 ಜನ ಆಡುವ ರಗ್ಬಿ. ಇಂಗ್ಲೆಂಡಿನಲ್ಲಿ ಇದರ ಮನೆ ಲ್ಯಾಂಕಶೈರ್, ಯಾರ್ಕ್‌ಶೈರ್ ಕಡೆಯ ಗಿರಣಿ ಊರುಗಳು, ಗಣಿ ಊರುಗಳು. ಅಲ್ಲಿನ ಅತಿ ಮೇಲಿನ ಪಂದ್ಯಾವಳಿ ಸೂಪರ್ ಲೀಗ್, 1996ರಲ್ಲಿ ಶುರುವಾದದ್ದು. ನಡುವಿನ ಕೆಲವು ವರ್ಷ ಬಿಟ್ಟರೆ, ಇತ್ತೀಚಿನವರೆಗೂ ಲೆಕ್ಕ ಸರಳವಾಗಿತ್ತು. ಕೆಳಗಿನ ಚಾಂಪಿಯನ್‌ಶಿಪ್ ಗೆದ್ದವರು ಮೇಲೆ ಬರುತ್ತಿದ್ದರು, ಮೇಲೆ ಕೊನೆಗೆ ಉಳಿದವರು ಕೆಳಗಿಳಿಯುತ್ತಿದ್ದರು. 2024ರ ಸೀಸನ್ ಮುಗಿಯುವಾಗ ಅದು ಬದಲಾಯಿತು. ಈಗ ಐಎಂಜಿ ಎಂಬ ಕ್ರೀಡಾ ಮಾರ್ಕೆಟಿಂಗ್ ಕಂಪನಿ ರೂಪಿಸಿದ ಗ್ರೇಡಿಂಗ್ ನಡೆಯುತ್ತದೆ. ಒಟ್ಟು 20 ಅಂಕ. ಆಟಕ್ಕೆ ಅದರಲ್ಲಿ 5 ಮಾತ್ರ. ಉಳಿದದ್ದು ಪ್ರೇಕ್ಷಕರಿಗೆ, ಹಣಕಾಸಿಗೆ, ಸ್ಟೇಡಿಯಂಗೆ, ಸುತ್ತಲಿನ ಜನಸಂಖ್ಯೆಗೆ. 15 ಮುಟ್ಟಿದ ಕ್ಲಬ್ 'ಎ' ಗ್ರೇಡ್, ಅದರ ಸೀಟು ಭದ್ರ. ಮಿಕ್ಕವರು ಅಂಕದ ಸಾಲಿನಲ್ಲಿ ನಿಲ್ಲಬೇಕು.

ಇದು ಸರಿಯಾ?

ಪರ: ಒಂದು ಕಿಕ್‌ಗೆ ಒಂದು ಕ್ಲಬ್ಬಿನ ಬದುಕು ಯಾಕೆ?

2016ರ ಅಕ್ಟೋಬರ್ 1. ಹಲ್ ನಗರದ ಕ್ರೇವನ್ ಪಾರ್ಕ್. ಹಲ್ ಕೆಆರ್ ಮತ್ತು ಸಾಲ್ಫೋರ್ಡ್ ನಡುವೆ ಪಂದ್ಯ. ಗೆದ್ದವರು ಸೂಪರ್ ಲೀಗ್‌ನಲ್ಲಿ, ಸೋತವರು ಕೆಳಗೆ. ಇದಕ್ಕೆ 'ಮಿಲಿಯನ್ ಪೌಂಡ್ ಗೇಮ್' ಅಂತ ಹೆಸರು ಬೇರೆ. ಕೊನೆಯ ನಿಮಿಷಗಳವರೆಗೆ ಹಲ್ ಕೆಆರ್ 18-10ರಿಂದ ಮುಂದಿತ್ತು. ಸಾಲ್ಫೋರ್ಡ್ ಎರಡು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ಊರುವುದು, 4 ಅಂಕ) ಹೊಡೆದು 18-18 ಮಾಡಿತು. ಹೆಚ್ಚುವರಿ ಸಮಯದಲ್ಲಿ ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಸಾಲ್ಫೋರ್ಡಿನ ಗ್ಯಾರೆತ್ ಒಬ್ರಯನ್ ದೂರದಿಂದಲೇ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವುದು, 1 ಅಂಕ) ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು, 19-18. ಟಿವಿಯಲ್ಲಿ ನೋಡೋಕೆ ಮಜಾ, ಒಪ್ಪಿಕೊಂಡೆ. ಆದರೆ ಕೆಳಗಿಳಿದ ಕ್ಲಬ್ಬಿನ ಆದಾಯ ಒಂದೇ ಏಟಿಗೆ ಕುಸಿಯುತ್ತದೆ. ಟಿಕೆಟ್ ಮಾರುವವರು, ಹುಲ್ಲು ನೋಡಿಕೊಳ್ಳುವವರು ಕೂಡ ಅದರ ಜೊತೆಗೇ ಬೀಳುತ್ತಾರೆ. ಅವರೇನು ಚೆಂಡು ಕೈಬಿಟ್ಟಿದ್ರಾ?

ಮೇಲೆ ಬರುವವರ ಪಾಡೂ ಅಷ್ಟೇ. ಬಡ್ತಿ ಖಚಿತವಾಗೋದು ಅಕ್ಟೋಬರ್‌ನಲ್ಲಿ. ಹೊಸ ಸೀಸನ್ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಒಳ್ಳೆಯ ಆಟಗಾರರೆಲ್ಲ ಬೇರೆ ಕಡೆ ಸಹಿ ಹಾಕಿರುತ್ತಾರೆ. 2021ರಲ್ಲಿ ಮೇಲೆ ಬಂದ ಲೀ ಎರಡೇ ಪಂದ್ಯ ಗೆದ್ದು ವಾಪಸ್ ಹೋಯಿತು. 2022ರಲ್ಲಿ ಬಂದ ಫ್ರಾನ್ಸಿನ ಟುಲೂಸ್ ಅದೇ ವರ್ಷ ಇಳಿಯಿತು. ಕೆನಡಾದ ಟೊರಾಂಟೊ ಗೆದ್ದುಕೊಂಡೇ ಮೇಲೆ ಬಂದಿತ್ತು. 2020ರಲ್ಲಿ ಕೊರೊನಾ ಬಂದಾಗ ಹಣದ ಬುಡ ಅಲ್ಲಾಡಿ, ಸೀಸನ್ ಮಧ್ಯದಲ್ಲೇ ಹಿಂದೆ ಸರಿಯಿತು. ಗೆಲ್ಲೋದು ಒಂದು, ನಿಲ್ಲೋದು ಇನ್ನೊಂದು.

ಬೀಳುವ ಭಯದಲ್ಲಿರುವ ಕ್ಲಬ್ ಇದ್ದ ದುಡ್ಡನ್ನೆಲ್ಲ ಈ ವರ್ಷದ ಆಟಗಾರರ ಮೇಲೆ ಸುರಿಯುತ್ತದೆ. ಶೌಚಾಲಯ, ಸ್ಟ್ಯಾಂಡು, ಹುಡುಗರ ಅಕಾಡೆಮಿ ಎಲ್ಲ ಮುಂದಿನ ವರ್ಷಕ್ಕೆ. ಆ ಮುಂದಿನ ವರ್ಷ ಬರೋದೇ ಇಲ್ಲ. ಗ್ರೇಡಿಂಗ್‌ನಲ್ಲಿ ಇವಕ್ಕೂ ಅಂಕ ಇದೆ. ಹಾಗಾಗಿ ಕ್ಲಬ್‌ಗಳು ದೊಡ್ಡ ಸ್ಕ್ರೀನ್ ಹಾಕಿಸಿದವು, ಲೆಕ್ಕಪತ್ರ ಸರಿಮಾಡಿಕೊಂಡವು. ವೇಕ್‌ಫೀಲ್ಡ್ 2023ರಲ್ಲಿ ಕೆಳಗಿಳಿಯಿತು. ಹೊಸ ಮಾಲೀಕ ಬಂದ, ಬೆಲ್ ವ್ಯೂ ಮೈದಾನದಲ್ಲಿ ಹೊಸ ಸ್ಟ್ಯಾಂಡ್ ಎದ್ದಿತು, ಒಂದೇ ವರ್ಷದಲ್ಲಿ ಮೇಲೆ ಬಂದರು, 2025ರಲ್ಲಿ ಪ್ಲೇಆಫ್‌ಗೂ ಹೋದರು.

ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್‌ನಲ್ಲಿ ಬಡ್ತಿಯೂ ಇಲ್ಲ, ಇಳಿಕೆಯೂ ಇಲ್ಲ. ಆಟವೇನೂ ಸತ್ತಿಲ್ಲ. ಅಷ್ಟು ದೂರ ಯಾಕೆ, ಐಪಿಎಲ್‌ನಲ್ಲಿ ಇಳಿಕೆ ಇದ್ದಿದ್ದರೆ 2017ರಲ್ಲೂ 2019ರಲ್ಲೂ ಕೊನೆಗೆ ಉಳಿದ ನಮ್ಮ ಆರ್‌ಸಿಬಿ ಎಲ್ಲಿರುತ್ತಿತ್ತು ಹೇಳಿ.

ವಿರೋಧ: ಮೇಲಿನ ಉದಾಹರಣೆಗಳನ್ನೇ ತಗೊಳ್ಳಿ

ಹಲ್ ಕೆಆರ್ ಬಿತ್ತು, ನಿಜ. ಆಮೇಲೆ? ಮರುವರ್ಷವೇ ಬಡ್ತಿ ಗೆದ್ದು 2018ಕ್ಕೆ ವಾಪಸ್ ಬಂತು. 2025ರಲ್ಲಿ ನಾಕೌಟ್ ಪಂದ್ಯಾವಳಿಯಾದ ಚಾಲೆಂಜ್ ಕಪ್, ಲೀಗ್ ಪಟ್ಟಿಯ ಅಗ್ರಸ್ಥಾನ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಮೂರನ್ನೂ ಹೊತ್ತುಕೊಂಡು ಹೋಯಿತು. ಆ ಕಪ್ಪಿಗೂ ಮೊದಲು 40 ವರ್ಷ ಅವರಿಗೆ ದೊಡ್ಡ ಟ್ರೋಫಿಯೇ ಸಿಕ್ಕಿರಲಿಲ್ಲ. ಕ್ರೇವನ್ ಪಾರ್ಕಿನಲ್ಲಿ ಅವತ್ತು ಅತ್ತವರೇ ಈ ಸಲವೂ ಅತ್ತಿರಬೇಕು.

ಲೀ ಎರಡು ಪಂದ್ಯ ಗೆದ್ದು ಇಳಿಯಿತು ಅಂತ ನಿಲ್ಲಿಸಿಬಿಟ್ಟರೆ ಅರ್ಧ ಕಥೆ. ಅದೇ ಲೀ 2023ಕ್ಕೆ ಮತ್ತೆ ಮೇಲೆ ಬಂತು. ಹೆಸರು ಬದಲಿಸಿ ಲೆಪರ್ಡ್ಸ್ ಆಯಿತು. ಚಿರತೆ ಚುಕ್ಕೆ ನೋಡಿ ಎಷ್ಟೋ ಜನ ನಕ್ಕರು. ಅದೇ ವರ್ಷ ವೆಂಬ್ಲಿಯಲ್ಲಿ 17-16ರಿಂದ ಚಾಲೆಂಜ್ ಕಪ್ ಗೆದ್ದರು. ಯಾರ ಮೇಲೆ ಅಂದುಕೊಂಡಿರಿ? ಹಲ್ ಕೆಆರ್ ಮೇಲೆ. ಇನ್ನು ವೇಕ್‌ಫೀಲ್ಡ್ 2024ರಲ್ಲಿ ಚಾಂಪಿಯನ್‌ಶಿಪ್ಪನ್ನೇ ಗೆದ್ದಿತ್ತು. ಹಳೇ ಪದ್ಧತಿ ಇದ್ದರೂ ಮೇಲೆ ಬರುತ್ತಿತ್ತು, ಅಲ್ವಾ?

ಹಣಕಾಸಿನ ಭದ್ರತೆ ಅನ್ನೋ ಮಾತು ಇವತ್ತಿನದಲ್ಲ. 2009ರಿಂದ 2014ರವರೆಗೆ ಬಡ್ತಿ-ಇಳಿಕೆಯ ಬದಲು ಕ್ಲಬ್‌ಗಳಿಗೆ ಸೀಟು ಹಂಚುವ ಲೈಸೆನ್ಸ್ ಪದ್ಧತಿ ಇತ್ತು. ವೇಲ್ಸ್‌ನ ಕ್ರುಸೇಡರ್ಸ್‌ಗೆ ಲೈಸೆನ್ಸ್ ಕೊಟ್ಟರು. ಬ್ರಿಡ್ಜೆಂಡ್‌ನಿಂದ ರೆಕ್ಸ್‌ಹ್ಯಾಮ್‌ಗೆ ಗಂಟುಮೂಟೆ ಕಟ್ಟಿ, 2011ಕ್ಕೆ ಅಂಗಡಿ ಮುಚ್ಚಿದರು. ಲೈಸೆನ್ಸ್ ಇದ್ದ ಬ್ರಾಡ್‌ಫರ್ಡ್ ಕೂಡ ಆ ಅವಧಿಯಲ್ಲೇ ದಿವಾಳಿ ಅಂಚಿಗೆ ಹೋಯಿತು. ಸರಿ, ಅದು ಹಳೇ ಪದ್ಧತಿ ಅನ್ನೋಣ. ಹೊಸ ಗ್ರೇಡಿಂಗ್ 2025ಕ್ಕೆ ಸಾಲ್ಫೋರ್ಡನ್ನು ಪಾಸ್ ಮಾಡಿತ್ತು. ಮೊದಲ ಪಂದ್ಯಕ್ಕೇ ದುಡ್ಡಿನ ಕಟ್ಟುಪಾಡಿನಿಂದ ಎಳೆ ಹುಡುಗರನ್ನು ಇಳಿಸಬೇಕಾಯಿತು. ಸೇಂಟ್ ಹೆಲೆನ್ಸ್ ಎದುರು 82-0 ಸೋಲು. ಡಿಸೆಂಬರ್‌ನಲ್ಲಿ ಕೋರ್ಟು ಕಂಪನಿಯನ್ನೇ ಮುಚ್ಚಿಸಿತು. ಯಾವ ಮಾರ್ಕ್ಸ್ ಕಾರ್ಡ್ ಸ್ವಾಮಿ ಇದು?

ನನಗೆ ಜಾಸ್ತಿ ಚುಚ್ಚೋದು ಸಣ್ಣ ಊರಿನ ವಿಷಯ. ಫೆದರ್‌ಸ್ಟೋನ್ ಅಂತ ಒಂದು ಗಣಿ ಊರಿದೆ. ಚಾಲೆಂಜ್ ಕಪ್ಪನ್ನು 1967, 1973, 1983ರಲ್ಲಿ ಮೂರು ಸಲ ಗೆದ್ದ ಊರು. ಸೂಪರ್ ಲೀಗ್‌ನಲ್ಲಿ ಒಮ್ಮೆಯೂ ಆಡಿಲ್ಲ. ಆಡಬೇಕಾದರೆ ಗೆದ್ದರೆ ಸಾಲದು, ಸುತ್ತಲಿನ ಜನಸಂಖ್ಯೆಗೂ ಅಂಕ ಉಂಟು. ಮಕ್ಕಳನ್ನು ಹೆತ್ತು ಅಂಕ ತರಬೇಕೇನೋ. 1895ರಲ್ಲಿ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಈ ಆಟ ಬೇರೆಯಾದದ್ದು ಯಾಕೆ? ಆಡಲು ಹೋಗಿ ಕೂಲಿ ಕಳೆದುಕೊಂಡವರಿಗೆ ಆ ದುಡ್ಡು ತುಂಬಿಕೊಡೋಣ ಅಂದಾಗ ರಗ್ಬಿಯ ದೊಡ್ಡವರು ಒಪ್ಪಲಿಲ್ಲ, ಅದಕ್ಕೆ. ಇಂಥ ಆಟದಲ್ಲಿ ಈಗ ಸೀಟನ್ನು ಆಫೀಸಿನಲ್ಲಿ ಹಂಚುತ್ತಾರೆ. 2026ಕ್ಕೆ ತಂಡಗಳನ್ನು 14 ಮಾಡಿದಾಗ ಎರಡು ಸೀಟನ್ನು ಸಮಿತಿಯೊಂದು ಕೂತು ಆರಿಸಿತು.

ತಯಾರಿಗೆ ಸಮಯ ಸಾಲದು ಅನ್ನೋ ದೂರು ಸರಿ. ಅದಕ್ಕೆ ಬಡ್ತಿ ಪಡೆದವರಿಗೆ ಸಮಯ ಕೊಡಿ, ಮೊದಲ ವರ್ಷಕ್ಕೆ ರಕ್ಷಣೆ ಕೊಡಿ. ಏಣಿಯನ್ನೇ ಯಾಕೆ ಎಳೆದುಕೊಳ್ಳಬೇಕು?

ಲಂಡನ್ ಬ್ರಾಂಕೋಸ್ 2023ರ ಅಕ್ಟೋಬರ್‌ನಲ್ಲಿ ಟುಲೂಸ್‌ಗೇ ಹೋಗಿ, ಫೈನಲ್ ಗೆದ್ದು ಬಡ್ತಿ ಪಡೆಯಿತು. ಅದೇ ತಿಂಗಳು ಪ್ರಾಯೋಗಿಕ ಗ್ರೇಡಿಂಗ್ ಹೊರಬಿತ್ತು. ಲಂಡನ್‌ಗೆ 24ನೇ ಸ್ಥಾನ. ಅಂದರೆ ಸೀಸನ್ ಶುರುವಾಗುವ ಮೊದಲೇ ಅದರ ಕೊನೆ ಗೊತ್ತಿತ್ತು. ಆದರೂ ಆಡಿದರು. ತಮ್ಮ ಮೈದಾನ, ವಿಂಬಲ್ಡನ್‌ನ ಪ್ಲೌ ಲೇನ್‌ಗೆ ಜನ ಬಂದು ಕೂಗಿದರು. ಹಲ್ ನಗರದ ಇನ್ನೊಂದು ಕ್ಲಬ್ ಹಲ್ ಎಫ್‌ಸಿಯಂಥ ದೊಡ್ಡ ಹೆಸರನ್ನು ಸೋಲಿಸಿದರು. ವರ್ಷದ ಕೊನೆಗೆ ಹಲ್ ಎಫ್‌ಸಿ ಗೆದ್ದದ್ದು ಮೂರು ಪಂದ್ಯ, ಲಂಡನ್ ಗೆದ್ದದ್ದೂ ಮೂರು. ಲಂಡನ್ ಇನ್ನೊಂದು ಪಂದ್ಯ ಗೆದ್ದು ಹಲ್ ಎಫ್‌ಸಿಗಿಂತ ಮೇಲೆ ನಿಂತಿದ್ದರೂ, ಇಳಿಯುವುದು ಲಂಡನ್ನೇ ಆಗಿರುತ್ತಿತ್ತು.