ಬಿಸಿನೀರಿನ ಊರು

ಪೀಣ್ಯದಲ್ಲಿ ಬೀದಿದೀಪ ಜೋಡಿಸುವ ಸಣ್ಣ ಘಟಕ ನಮ್ಮದು. ದೀಪದ ಹೊಟ್ಟೆಯೊಳಗಿದ್ದು ಅದಕ್ಕೆ ಹದವಾಗಿ ಕರೆಂಟ್ ಕೊಡುವ ಎಲ್‌ಇಡಿ ಡ್ರೈವರ್ ಎಂಬ ಬಿಡಿಭಾಗ ಬರುವುದು ಚೀನಾದ ಶೆನ್‌ಜೆನ್‌ನಿಂದ. ಸ್ಯಾಂಪಲ್ ಒಂದು, ಬಂದ ಸರಕು ಇನ್ನೊಂದು ಎಂಬ ತಕರಾರು ಎದ್ದು, ಹತ್ತು ದಿನದ ಮಟ್ಟಿಗೆ ನಾನೇ ಹೋಗಬೇಕಾಯಿತು. ಆ ತಕರಾರಿನ ಕಥೆ ಬಿಡಿ, ಕೆಪಾಸಿಟರ್ ಮಾರುವವರಿಗೂ ಅದು ರುಚಿಸುವುದಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಬಿಸಿನೀರು.

ಮೇ ತಿಂಗಳು. ಕಡಲ ಪಕ್ಕದ ಊರು, ಥೇಟ್ ಮಂಗಳೂರಿನ ಸೆಕೆ. ಮೊದಲ ದಿನ ಹನ್ನೆರಡಕ್ಕೆಲ್ಲ ಊಟಕ್ಕೆ ಕರೆದೊಯ್ದರು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನನ್ನ ಹೊಟ್ಟೆಯ ಲೆಕ್ಕದಲ್ಲಿ ಇನ್ನೂ ದೋಸೆಯ ಹೊತ್ತು. ದುಂಡು ಮೇಜು, ಪ್ರತಿಯೊಬ್ಬರ ಮುಂದೆ ಬಟ್ಟಲು, ತಟ್ಟೆ, ಲೋಟ, ಎಲ್ಲ ಸೇರಿಸಿ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಪಕ್ಕದವರು ಚಾಪ್‌ಸ್ಟಿಕ್‌ನಿಂದ ಚುಚ್ಚಿ ಟಪ್ಪೆಂದು ಹರಿದರು, ನಾನೂ ಹರಿದೆ. ದುಭಾಷಿ ಹುಡುಗಿ ಕೆಟಲ್ ಎತ್ತಿ ನನ್ನ ಬಟ್ಟಲಿಗೆ ಬಿಸಿ ಚಹಾ ಸುರಿದಳು. ಬಾಯಾರಿತ್ತು. ಊದಿ ಊದಿ ಒಂದು ತೊಟ್ಟೂ ಬಿಡದೆ ಕುಡಿದೆ.

ಮೇಜು ನಿಶ್ಶಬ್ದವಾಯಿತು. ಆಮೇಲೆ ನೋಡುತ್ತೇನೆ, ಉಳಿದವರೆಲ್ಲ ತಮ್ಮ ಬಟ್ಟಲಿನ ಚಹಾದಲ್ಲಿ ಚಾಪ್‌ಸ್ಟಿಕ್ ಅದ್ದಿ, ಲೋಟ ಉರುಳಿಸಿ, ತೊಳೆದ ನೀರನ್ನು ನಡುವಿನ ಬೋಗುಣಿಗೆ ಚೆಲ್ಲುತ್ತಿದ್ದಾರೆ! ನಾನು ಕುಡಿದದ್ದು ಪಾತ್ರೆ ಗಲಬರಿಸುವ ನೀರು. ನಮ್ಮ ಹೋಟೆಲಿನಲ್ಲಿ ಕೈ ತೊಳೆಯಲು ಕೊಟ್ಟ ನಿಂಬೆಹೋಳಿನ ಬಟ್ಟಲನ್ನು ಎತ್ತಿ ಕುಡಿದವರನ್ನು ನೋಡಿ ಒಮ್ಮೆ ನಕ್ಕಿದ್ದೆ. ಆ ಪಾಪ ಇಲ್ಲಿ ತೀರಿತು. ಕಂಪನಿಯ ಹಿರಿಯರು ಮಾತ್ರ ನಗಲಿಲ್ಲ. ಮತ್ತೆ ನನ್ನ ಬಟ್ಟಲು ತುಂಬಿಸಿ, ಲೋಟ ಹೇಗೆ ಉರುಳಿಸಬೇಕೆಂದು ಮಗುವಿಗೆ ಹೇಳಿಕೊಡುವ ಹಾಗೆ ತೋರಿಸಿದರು.

ಅವರೇ ಇನ್ನೊಂದನ್ನೂ ಕಲಿಸಿದರು. ಯಾರಾದರೂ ಚಹಾ ಸುರಿದರೆ ಎರಡು ಬೆರಳು ಮಡಿಚಿ ಮೇಜಿನ ಮೇಲೆ ಟಕ್ ಟಕ್ ಎಂದು ಬಡಿಯಬೇಕು, ಅದೇ ಧನ್ಯವಾದ. ಮಾರುವೇಷದಲ್ಲಿ ಸಂಚಾರ ಹೊರಟಿದ್ದ ಚಿಯಾನ್‌ಲಾಂಗ್ ಚಕ್ರವರ್ತಿ ತನ್ನ ಸೇವಕನಿಗೆ ಚಹಾ ಸುರಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಆ ಸೇವಕ ಬೆರಳುಗಳನ್ನೇ ಮಂಡಿಯೂರಿಸಿದನಂತೆ. ಕಥೆ ನಿಜವೋ ಸುಳ್ಳೋ, ಮಾತು ಬಾರದ ಊರಿನಲ್ಲಿ ನನಗೆ ತಪ್ಪಿಲ್ಲದೆ ಬರುತ್ತಿದ್ದ ಒಂದೇ ವಾಕ್ಯ ಅದು. ದಿನಕ್ಕೆ ನಲವತ್ತು ಸಲ ಬಡಿದೆ.

ನಮಗೆ ಬಿಸಿನೀರು ಅಂದರೆ ಮೊದಲು ನೆನಪಾಗುವುದು ಬಚ್ಚಲಿನ ಹಂಡೆ. ಅಲ್ಲಿ ಆ ಸೆಕೆಯಲ್ಲೂ ಕುಡಿಯುವುದು ಅದನ್ನೇ. ಫ್ಯಾಕ್ಟರಿಯ ಪ್ರತಿ ಮಹಡಿಯಲ್ಲೂ ಬಿಸಿನೀರಿನ ನಲ್ಲಿ. ಪ್ರತಿ ಮೇಜಿನ ಮೇಲೂ ಚಹಾ ಎಲೆ ತೇಲುವ ಫ್ಲಾಸ್ಕು. ಗುವಾಂಗ್‌ಝೌಗೆ ಅರ್ಧ ಗಂಟೆಯ ರೈಲು. ಅದರಲ್ಲೂ ಬೋಗಿಯ ತುದಿಗೆ ಕುದಿನೀರಿನ ನಲ್ಲಿ, ಅದರ ಮುಂದೆ ಕಪ್ ನೂಡಲ್ಸ್ ಹಿಡಿದವರ ಸಾಲು. 1952ರಲ್ಲಿ ಶುರುವಾದ ‘ದೇಶಭಕ್ತಿಯ ಆರೋಗ್ಯ ಆಂದೋಲನ’ದಲ್ಲಿ ಸರ್ಕಾರವೇ ಕಾಯಿಸಿದ ನೀರು ಕುಡಿಯಿರೆಂದು ಹೇಳಿತ್ತು. ಜನ ಇಷ್ಟು ಮನಸ್ಸಿಟ್ಟು ಕೇಳಿಸಿಕೊಂಡ ಇನ್ನೊಂದು ಸರ್ಕಾರಿ ಉಪದೇಶ ನನಗಂತೂ ಗೊತ್ತಿಲ್ಲ.

ಊಟ ಮುಗಿದರೆ ಆಫೀಸಿನಲ್ಲಿ ದೀಪ ಆರಿಸುತ್ತಾರೆ. ಮೇಜಿನಡಿಯಿಂದ ಮಡಿಚುವ ಮಂಚಗಳು ಹೊರಬರುತ್ತವೆ, ಲೆಕ್ಕಪತ್ರದವರಿಂದ ಹಿಡಿದು ಎಂಜಿನಿಯರ್‌ವರೆಗೆ ಎಲ್ಲರಿಗೂ ನಿದ್ದೆ. ಕತ್ತಲಲ್ಲಿ ಎಚ್ಚರವಾಗಿ ಕೂತವನು ನಾನೊಬ್ಬನೇ, ಕೈಯಲ್ಲಿ ಬಿಸಿನೀರಿನ ಕಾಗದದ ಲೋಟ.

ಸಸ್ಯಾಹಾರಿ ಅಂತ ಫೋನಿನಲ್ಲಿ ತೋರಿಸಿದರೂ ಸೊಪ್ಪಿನ ಮೇಲೆ ಒಂದಿಷ್ಟು ಹಂದಿಮಾಂಸದ ಚೂರು ಉದುರಿಸಿ ತರುತ್ತಿದ್ದರು, ರುಚಿಗಂತೆ. ಹಾಗಾಗಿ ರಾತ್ರಿ ರೂಮಿನ ಕೆಟಲ್ಲೇ ಗತಿ. ಹೆಂಡತಿ ಕಟ್ಟಿಕೊಟ್ಟಿದ್ದ ಗೊಜ್ಜವಲಕ್ಕಿ ಪುಡಿಗೆ ಬಿಸಿನೀರು ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಹತ್ತು ನಿಮಿಷ ಕಿಟಕಿಯಾಚೆಯ ಎತ್ತರದ ಕಟ್ಟಡಗಳನ್ನು ಎಣಿಸುತ್ತಾ ಕೂರುತ್ತಿದ್ದೆ. ಹುಣಸೆಹುಳಿಯ ವಾಸನೆ ಬಂತೆಂದರೆ ಅಡುಗೆ ಆಯಿತು.

ಐದನೇ ದಿನ ಎಸಿಗೂ ಸೆಕೆಗೂ ಓಡಾಡಿ ಗಂಟಲು ಕಟ್ಟಿತು. ದುಭಾಷಿ ಹುಡುಗಿ ಫೋನಿನಲ್ಲಿ ಏನೋ ಬರೆದು ತೋರಿಸಿದಳು. ಯಂತ್ರದ ಕನ್ನಡ: ‘ಹೆಚ್ಚು ಬಿಸಿ ನೀರನ್ನು ಕುಡಿಯಿರಿ.’ ತೋರಿಸಿ ಅವಳೇ ನಕ್ಕಳು. ತಲೆನೋವೆನ್ನಲಿ, ಹೊಟ್ಟೆನೋವೆನ್ನಲಿ, ಅಲ್ಲಿನ ಹುಡುಗರು ತಮ್ಮ ಹುಡುಗಿಯರಿಗೆ ಕೊಡುವ ಉತ್ತರ ಇದೊಂದೇ ಎಂದು ದೊಡ್ಡ ತಮಾಷೆಯಂತೆ. ನಮ್ಮ ಅಜ್ಜಿಯೂ ಅಷ್ಟೇ. ಜೀರಿಗೆ ಸೇರಿಸುತ್ತಿದ್ದಳು, ಅದಷ್ಟೇ ವ್ಯತ್ಯಾಸ.

ವಾಪಸು ಬಂದ ಮರುದಿನ ಪೀಣ್ಯದ ದರ್ಶಿನಿಗೆ ಹೋದೆ. ಮಸಾಲೆ ದೋಸೆ ಬಂತು. ಹುಡುಗ ಜಗ್ಗು ಹಿಡಿದು, “ಬಿಸಿನೀರಾ, ತಣ್ಣೀರಾ ಸಾರ್?” ಅಂದ. ಬಿಸಿ ಅಂದೆ. ಅವನು ಸುರಿಯುತ್ತಿದ್ದಂತೆ ನನ್ನ ಎರಡು ಬೆರಳು ತಾವಾಗಿ ಮೇಜಿನ ಮೇಲೆ ಟಕ್ ಟಕ್ ಎಂದವು. ಹುಡುಗ ಮುಖ ಸಿಂಡರಿಸಿದ.

“ಇಲ್ಲೇ ಇದೀನಲ್ಲ ಸಾರ್, ಯಾಕೆ ಟೇಬಲ್ ಕುಟ್ತೀರ?”