ಲಕೋಟೆ ಸಡಿಲಿದ್ದ ಮೇಲೆ ಪಿ ವ್ಯಾಲ್ಯೂ ತಗೊಂಡು ಏನ್ ಮಾಡೋದ್ರಿ?

ಪಿಜಿ ಥೀಸಿಸ್ ಒಪ್ಪಿಸುವ ಗಡುವು ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಎಕ್ಸೆಲ್ ಶೀಟು ಹಿಡಿದು ಸ್ಟ್ಯಾಟಿಸ್ಟಿಕ್ಸ್‌ನವರನ್ನು ಹುಡುಕುವ ಓಡಾಟ ಶುರುವಾಗುತ್ತದೆ. ಪಿ ವ್ಯಾಲ್ಯೂ ಎಂದರೆ, ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ಕೇಳುವುದು ಒಂದೇ: "ಸರ್, ಪಿ ವ್ಯಾಲ್ಯೂ ಸಿಗ್ನಿಫಿಕಂಟ್ ಬರ್ತದಿಲ್ರಿ?" ಯಾರಿಗೆ ಯಾವ ಚಿಕಿತ್ಸೆ ಅಂತ ಹೆಂಗ ಹಂಚಿದ್ರಿ ಎಂದು ತಿರುಗಿ ಕೇಳಿದರೆ, "ಒಂದು ಬಿಟ್ಟು ಒಂದು ಕೊಟ್ಟೇವ್ರಿ." ಆ ಟ್ರಯಲ್ (ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸುವ ಪರೀಕ್ಷೆ) ಅಲ್ಲಿಗೇ ಕೆಟ್ಟಿತು. ಆಮೇಲೆ ಎಂಥ ಸಾಫ್ಟ್‌ವೇರ್ ತಂದರೂ ಅದು ರಿಪೇರಿ ಆಗುವುದಿಲ್ಲ.

ಒಂದು ಬಿಟ್ಟು ಒಂದು ಕೊಟ್ಟರೆ ತಪ್ಪೇನು? ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆಂದು ಸೇರಿಸಿಕೊಳ್ಳುವ ಡಾಕ್ಟರಿಗೆ ಮೊದಲೇ ಗೊತ್ತಿರುತ್ತದೆ. ಸರದಿ ಹೊಸ ಔಷಧದ್ದು, ಎದುರಿಗೆ ಕೂತವರು ಶುಗರ್ ಏರಿದ, ಬಡಕಲಾದ ಎಪ್ಪತ್ತರ ಅಜ್ಜ. "ಇವ್ರು ಬ್ಯಾಡ, ಮುಂದಿನವ್ರನ್ನ ತಗೊಳ್ಳೋಣು" ಎನ್ನಲು ಕೆಟ್ಟ ಬುದ್ಧಿಯೇ ಬೇಕಿಲ್ಲ, ಕನಿಕರ ಸಾಕು. ಇಂಥ ಹತ್ತು ಅಜ್ಜಂದಿರು ತಪ್ಪಿಸಿಕೊಂಡರೆ ಹೊಸ ಔಷಧ ಕೆಲಸ ಮಾಡದೆಯೂ ಗೆದ್ದುಬಿಡಬಹುದು. ಓಪಿಡಿ ನಂಬರಿನ ಸರಿ-ಬೆಸಕ್ಕೂ ಇದೇ ಹಣೆಬರಹ. ವಾರ, ದಿನ ನೋಡಿ ಹಂಚುವುದಂತೂ ನಮ್ಮ ಕಡೆ ಇನ್ನೂ ಅಪಾಯ: ಅಮಾವಾಸ್ಯೆಗೆ ಆಪರೇಷನ್ ಬ್ಯಾಡ ಎನ್ನುವ ಮನೆಗಳು ಬೇಕಾದಷ್ಟಿವೆ. ಆ ದಿನವೂ ಟೇಬಲ್ ಏರುವವರಲ್ಲಿ ಮುಂದೂಡಲಾಗದಷ್ಟು ಕೆಟ್ಟ ಸ್ಥಿತಿಯವರೇ ಜಾಸ್ತಿ.

ಇದು ಬರೀ ಅನುಮಾನವಲ್ಲ. 1995ರಲ್ಲಿ ಸಂಶೋಧಕ ಕೆನೆತ್ ಶುಲ್ಜ್ ಮತ್ತು ಸಂಗಡಿಗರು 250 ಟ್ರಯಲ್‌ಗಳನ್ನು ಜಾಲಾಡಿದಾಗ, ಹಂಚಿಕೆಯನ್ನು ಸರಿಯಾಗಿ ಗುಟ್ಟಾಗಿಡದ ಕಡೆ ಚಿಕಿತ್ಸೆಯ ಪರಿಣಾಮ ಆಡ್ಸ್ ರೇಶಿಯೋ (ಎರಡು ಗುಂಪುಗಳಲ್ಲಿ ಫಲಿತಾಂಶ ಆಗುವ-ಆಗದ ಪ್ರಮಾಣಗಳ ಅನುಪಾತ) ಲೆಕ್ಕದಲ್ಲಿ ಸುಮಾರು 41% ಉಬ್ಬಿ ಕಂಡಿತ್ತು. ಬ್ರಿಟನ್ನಿನ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಯಾದೃಚ್ಛಿಕ (ಯಾವ ಕ್ರಮವೂ ಇಲ್ಲದ) ಸಂಖ್ಯೆಗಳ ಪಟ್ಟಿಯನ್ನು ಮುಚ್ಚಿದ ಲಕೋಟೆಗೆ ಹಾಕಿಸಿದ್ದು ಈ ಕಾರಣಕ್ಕೇ. 1948ರ ಆ ವರದಿಯಲ್ಲಿ ಇದ್ದದ್ದು 107 ರೋಗಿಗಳು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಸಾವು, ಬರೀ ಹಾಸಿಗೆ ವಿಶ್ರಾಂತಿಯ 52ರಲ್ಲಿ 14. ಲಕೋಟೆ ಗಟ್ಟಿಯಿದ್ದದ್ದಕ್ಕೆ ಇವತ್ತಿಗೂ ಆ ಅಂಕಿಯನ್ನು ನಂಬಬಹುದು.

ಈಗ ಲಕೋಟೆ ವಿಷಯ. ಅಂಗಡಿಯ ತೆಳು ಕಂದು ಕವರನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಒಳಗಿನ 'ಎ' ಅಥವಾ 'ಬಿ' ಎದ್ದು ಕಾಣುತ್ತದೆ, ಮಾಡಿ ನೋಡ್ರಿ. ಅದಕ್ಕೇ ಚೀಟಿಯ ಮೇಲೆ ಒಂದು ಕಾರ್ಬನ್ ಪೇಪರ್ ಇಟ್ಟು, ಎರಡಕ್ಕೂ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಕವರಿಗೆ ಹಾಕಬೇಕು. ಅಂಟಿಸಿದ ಬಾಯಿಗೆ ಅಡ್ಡಲಾಗಿ ಸಹಿ, ಹೊರಗೆ ಕ್ರಮಸಂಖ್ಯೆ. ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ ಮೇಲೆ ಸ್ಟಡಿ ನಂಬರು, ತಾರೀಖನ್ನು ಕವರಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದು, ಆಮೇಲೆ ಒಡೆಯಬೇಕು. ಬರೆದದ್ದು ಒಳಗಿನ ಚೀಟಿಗೂ ಇಳಿಯುವುದರಿಂದ, ಚೀಟಿ ಅದಲುಬದಲಾದರೆ ಸಿಕ್ಕಿಬೀಳುತ್ತದೆ. ಪಟ್ಟಿ ತಯಾರಿಸಿ ಲಕೋಟೆ ಮುಚ್ಚಿದವರು ರೋಗಿಯನ್ನು ಸೇರಿಸಿಕೊಳ್ಳುವವರಾಗಿರಕೂಡದು. ತಪ್ಪಿ ಒಡೆದ ಲಕೋಟೆಗೆ ಮತ್ತೆ ಅಂಟು ಹಚ್ಚಬೇಡಿ. ಯಾಕೆ ಒಡೆಯಿತೆಂದು ರಿಜಿಸ್ಟರಿನಲ್ಲಿ ಬರೆದು ಮುಂದಿನದಕ್ಕೆ ಹೋಗಿ.

ಹಂಚಿಕೆ ಪಟ್ಟಿಯನ್ನು 'ಎ', 'ಬಿ' ಸಮವಾಗಿರುವ ಸಣ್ಣ ಕಂತುಗಳಾಗಿ (ಬ್ಲಾಕ್) ಮಾಡುತ್ತಾರೆ. ಎಲ್ಲ ಬ್ಲಾಕೂ 4ರದ್ದೇ ಇಟ್ಟರೆ ಇಷ್ಟು ಮಾಡಿಯೂ ಗುಟ್ಟು ಉಳಿಯುವುದಿಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂದು ವಾರ್ಡಿನಲ್ಲಿ ಕಾಣುವಂತಿದ್ದರೆ, ಮೊದಲೆರಡು 'ಎ' ಬಂದ ಕೂಡಲೇ ಉಳಿದೆರಡು 'ಬಿ' ಎಂದು ಹೌಸ್ ಸರ್ಜನ್ ಕೂಡ ಹೇಳಿಬಿಡುತ್ತಾನೆ. 4 ಮತ್ತು 6ರ ಬ್ಲಾಕುಗಳನ್ನು ಯಾದೃಚ್ಛಿಕವಾಗಿ ಬೆರೆಸಿ, ಬ್ಲಾಕಿನ ಅಳತೆಯನ್ನು ಪಟ್ಟಿ ಮಾಡಿದವರ ಹತ್ತಿರವೇ ಬಿಡಿ.

ಇನ್ನು 'ಗುಂಪಿಗೆ 30' ಎಂಬ ನಮ್ಮ ಪ್ರೀತಿಯ ಸಂಖ್ಯೆ. ಹೊಟ್ಟೆಯ ಎಮರ್ಜೆನ್ಸಿ ಆಪರೇಷನ್ ಆದವರಲ್ಲಿ ಗಾಯ ಕೀವಾಗುವುದು 30% ಇದೆ, ಹೊಸ ಕ್ರಮದಿಂದ 15%ಕ್ಕೆ ಇಳಿದೀತು ಎಂದಿಟ್ಟುಕೊಳ್ಳಿ. ಪವರ್ (ನಿಜವಾದ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ) 80%, ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ) 5%, ಇವೆರಡರಿಂದ ಬರುವ ಗುಣಕ 7.84: 7.84 × (0.30×0.70 + 0.15×0.85) ÷ (0.15×0.15) = 117.6. ಅಂದರೆ ಗುಂಪಿಗೆ 118. ಶೇ 15 ಜನ ಕೈಬಿಡುತ್ತಾರೆಂದಾದರೆ 118ಕ್ಕೆ ಶೇ 15 ಕೂಡಿಸುವುದಲ್ಲ, 0.85ರಿಂದ ಭಾಗಿಸಬೇಕು: 139. ಅದೇ ಜಾಗದಲ್ಲಿ ಗುಂಪಿಗೆ 30 ಹಾಕಿದರೆ ಪವರ್ 30%ರ ಆಸುಪಾಸು. ನಿಜವಾಗಿ ಕೆಲಸ ಮಾಡುವ ಚಿಕಿತ್ಸೆಯನ್ನೂ ಹತ್ತರಲ್ಲಿ ಏಳು ಸಲ 'ವ್ಯತ್ಯಾಸ ಇಲ್ಲ' ಎಂದು ಬರೆದು ಬೈಂಡ್ ಮಾಡಿಸುತ್ತೇವೆ.

ಹಾಗಂತ 30 ಅಪಶಕುನವೇನಲ್ಲ. ನೋವಿನ ಸ್ಕೋರ್ ಅಳೆಯುತ್ತಿದ್ದು, ಎಸ್‌ಡಿ (ಸ್ಕೋರುಗಳು ಎಷ್ಟು ಚದುರಿವೆ ಎಂಬ ಅಳತೆ) 2, ಹುಡುಕುವ ವ್ಯತ್ಯಾಸ 1.5 ಇದ್ದರೆ 2 × 7.84 × 4 ÷ 2.25 ಮಾಡಿ, ಗುಂಪಿಗೆ 28 ಬರುತ್ತದೆ. ಥೀಸಿಸ್ ಅವಧಿಯಲ್ಲಿ ಮೊದಲಿನ ಲೆಕ್ಕದ 139ರ ಎರಡು ಗುಂಪಿಗೆ ಬೇಕಾದ 278 ರೋಗಿಗಳು ಸಿಗದಿದ್ದರೆ ಪ್ರಶ್ನೆಯನ್ನೇ ಬದಲಿಸಿ. ಬೇಕಾದ 30 ಬರುವವರೆಗೆ ಎಸ್‌ಡಿಯನ್ನು ಹಿಂಡುವ ಕಲೆ ಬೇಡ. ಅದು ಗೈಡ್‌ಗಳಿಗೂ ಗೊತ್ತು, ಎಥಿಕ್ಸ್ ಕಮಿಟಿಗೂ ಗೊತ್ತು, ಎಲ್ಲರೂ ಸುಮ್ಮನಿರುತ್ತಾರೆ.

ಕೈಬಿಡುವವರ ಲೆಕ್ಕವನ್ನು ಪುಸ್ತಕದಿಂದ ತರಬೇಡಿ. ನವಲಗುಂದ, ರೋಣ, ಹಿರೇಕೆರೂರಿನಿಂದ ಬಸ್ಸಿಗೆ ಬರುವವರು ಮುಂಗಾರು ಬಿತ್ತನೆ ಬಂತೆಂದರೆ ಫಾಲೋಅಪ್‌ಗೆ ಬರುವುದಿಲ್ಲ, ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವಾಗಲೂ ಅಷ್ಟೆ. ಅವರಲ್ಲಿ ಆರಾಮಾದವರೂ ಇರುತ್ತಾರೆ, ಬ್ಯಾನಿ ಜಾಸ್ತಿಯಾಗಿ ಬೇರೆ ದವಾಖಾನೆಗೆ ಹೋದವರೂ ಇರುತ್ತಾರೆ. ಬಂದವರನ್ನಷ್ಟೇ ಎಣಿಸಿದರೆ ಈ ಎರಡೂ ಕಾಣದೆ ಹೋಗುತ್ತವೆ. ಮನೆಯವರದ್ದೂ ಸೇರಿ ಎರಡು ಫೋನ್ ನಂಬರ್ ತಗೊಳ್ಳಿ, ಬಸ್ ಚಾರ್ಜಿನ ದುಡ್ಡನ್ನು ಬಜೆಟ್ಟಿನಲ್ಲಿ ಇಡಿ. 'ಬಿ' ಗುಂಪಿನವರು ನಡುವೆ 'ಎ' ಔಷಧ ತಗೊಂಡರೂ ಮುಖ್ಯ ವಿಶ್ಲೇಷಣೆಯಲ್ಲಿ ಅವರು 'ಬಿ'ಯಲ್ಲೇ ಇರಬೇಕು. ತೆಗೆದುಹಾಕಿದರೆ ಲಕೋಟೆಗೆ ಪಟ್ಟ ಕಷ್ಟವೆಲ್ಲ ನೀರುಪಾಲು.

ಶುರುವಿನಲ್ಲಿ ಗುಂಪುಗಳು ಹೇಗಿದ್ದವೆಂದು ತೋರಿಸುವ ಮೊದಲ ಟೇಬಲ್ಲಿನಲ್ಲಿ ವಯಸ್ಸು, ತೂಕಕ್ಕೆಲ್ಲ ಪಿ ವ್ಯಾಲ್ಯೂ ಹಾಕುವ ಚಟವನ್ನೂ ಬಿಡಬೇಕು. ಸರಿಯಾಗಿ ಹಂಚಿದ್ದರೆ ಅಲ್ಲಿನ ವ್ಯತ್ಯಾಸ ಆಕಸ್ಮಿಕವೆಂದು ಮೊದಲೇ ಗೊತ್ತಲ್ಲ!

ಇನ್ನು ಸಿಟಿಆರ್‌ಐ ನೋಂದಣಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ಟ್ರಯಲ್ ದಾಖಲಿಸುವುದು. 2018ರ ಏಪ್ರಿಲ್ 1ರಿಂದ ಅಲ್ಲಿ ಹಿಂದಿನ ತಾರೀಖಿನ ಟ್ರಯಲ್ ಸೇರಿಸುವಂತಿಲ್ಲ. ಮೊದಲ ರೋಗಿ ಸೇರುವ ಮುಂಚೆಯೇ ನಂಬರ್ ಬಂದಿರಬೇಕು. ಜಾಲತಾಣ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಿಲ್ಲ. ಮುಂದಿನ ಸಲ ಯಾವುದಾದರೂ ಪೇಪರ್ ಕೈಗೆ ಬಂದಾಗ ಅದರ ಸಿಟಿಆರ್‌ಐ ನಂಬರ್ ಹಾಕಿ, ಅಲ್ಲಿ ಬರೆದ, ಟ್ರಯಲ್ ಮುಖ್ಯವಾಗಿ ಅಳೆಯುವ ಫಲಿತಾಂಶವಾದ ಪ್ರೈಮರಿ ಔಟ್‌ಕಮ್ಮನ್ನೂ ಪೇಪರಿನಲ್ಲಿ ಇರುವುದನ್ನೂ ಪಕ್ಕಪಕ್ಕ ಇಟ್ಟು ಓದಿ.